ಯಂತ್ರಕ್ಕೆ ಕೈ ಸೋಲುವುದಿಲ್ಲ

ಮಸೀದಿಯ ಅಂಗಳದಲ್ಲಿ, ಕಲ್ಲಿನ ಮೇಲೆ, ರಿಫತ್‌ನ ಶವಪೆಟ್ಟಿಗೆ ಇಟ್ಟಿದ್ದರು. ಇಮಾಮರು ವಾಡಿಕೆಯ ಮಾತು ಕೇಳಿದರು. "ಈತನ ಮೇಲೆ ನಿಮ್ಮ ಹಕ್ಕು ಏನಾದರೂ ಇದ್ದರೆ ಬಿಟ್ಟುಕೊಡ್ತೀರಾ?" ಅಂಗಳದ ತುಂಬ ಇದ್ದ ಜನ "ಬಿಟ್ಟೆವು" ಎಂದರು. ಇಮಾಮರು ಇನ್ನೆರಡು ಸಲ ಕೇಳಿದರು. ಮೂರು ಸಲವೂ, ಹಿಂದಿನ ಗೋಡೆಯ ಬದಿ ನಿಂತ ಹೆಂಗಸರ ಗುಂಪಿನಿಂದ, ಎಲ್ಲರಿಗಿಂತ ಗಟ್ಟಿಯಾಗಿ ಬಂದದ್ದು ಹಾಯ್ರಿಯೆಯ ದನಿ. ಹಾಯ್ರಿಯೆ ರಿಫತ್‌ನ ಅಕ್ಕ.

"ಬಿಟ್ಟೆ. ನನ್ನ ತಮ್ಮ ನನಗೆ ಯಾವ ಅನ್ಯಾಯಾನೂ ಮಾಡಿಲ್ಲ. ಬಿಟ್ಟೆ."

ಪಕ್ಕದಲ್ಲಿ ನಿಂತಿದ್ದ ಮೆಲಿಹಾ ತಲೆಬಟ್ಟೆಯ ಅಂಚು ಕಚ್ಚಿಕೊಂಡಳು. ಸತ್ತವನು ಅವಳ ಗಂಡ. ಅಳುತ್ತಿದ್ದಾಳೆ ಎಂದು ಜನ ತಿಳಿದರು. ಅಳುತ್ತಲೂ ಇದ್ದಳು. ಆದರೆ ಬಾಯಿಗೆ ಬಟ್ಟೆ ತುರುಕಿಕೊಂಡದ್ದು ಬೇರೆ ಕಾರಣಕ್ಕೆ. ತಮ್ಮ ಮಾಡಿದ ಅನ್ಯಾಯ ಹಾಯ್ರಿಯೆಗೆ ಗೊತ್ತಿರಲಿಲ್ಲ. ಮೆಲಿಹಾಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಬಿಟ್ಟ ಹಕ್ಕು ಬಿಟ್ಟಂತೆಯೇ? ಗಂಡ ಮಣ್ಣಿನೊಳಗೆ ಒಯ್ದದ್ದು ನಿಜವಾದ ಕ್ಷಮೆಯೋ, ಬರೀ ಮಾತೋ? ಅಂದಿನಿಂದ ಅವಳು ರೊಟ್ಟಿ ಮುರಿಯುವಾಗಲೂ ಇದನ್ನೇ ಕೇಳಿಕೊಂಡಳು.

ರಿಫತ್ ದೊಡ್ಡ ಮನುಷ್ಯನಲ್ಲ. ಹಾಡುಗಾರನಲ್ಲ, ವಾದ್ಯಗಾರನೂ ಅಲ್ಲ. ಇಸ್ತಾಂಬುಲಿನ ಉನ್‌ಕಪಾನಿಯಲ್ಲಿ, ರೆಕಾರ್ಡ್ ಅಂಗಡಿಗಳ ಹಿಂದಿನ ಒಂದು ಸ್ಟುಡಿಯೋದಲ್ಲಿ ಮೈಕು ಇಡುವವನು, ಟೇಪು ಓಡಿಸುವವನು. ಮೂವತ್ತು ವರ್ಷ ಅದೇ ಕೆಲಸ. ಮನೆಯಲ್ಲೂ ಅವನ ಕಿವಿಗೆ ಬಿಡುವಿರಲಿಲ್ಲ. ಚಮಚ ತಗುಲಿದ ಸದ್ದಿಗೇ ಚಹಾದ ಲೋಟ ಬಿರುಕು ಬಿಟ್ಟಿದೆಯೆಂದು ಹೇಳುತ್ತಿದ್ದ. ಮೆಲಿಹಾ ಮೆಟ್ಟಿಲು ಹತ್ತುವುದು ಕೇಳಿ ಒಳಗಿನಿಂದಲೇ "ಇವತ್ತು ಎಡಗಾಲು ನೋವಾ?" ಅನ್ನುತ್ತಿದ್ದ. ಅವನು ಹೋದ ಮೇಲೆ ಅವಳು ಅದೇ ಮೆಟ್ಟಿಲಿನ ನಡುವೆ ನಿಂತುಬಿಡುತ್ತಿದ್ದಳು. ಮೇಲೆ ಹೋಗಿ ಏನು ಮಾಡುವುದು? ಕೆಳಗೆ ಇಳಿದು ಏನು ಮಾಡುವುದು?

ಅವನಿಗೆ ಹೆಸರು ತಂದದ್ದು ಒಂದೇ ಹಾಡು. ಎಪ್ಪತ್ತೈದನೇ ಇಸವಿಯಲ್ಲಿ ಎರ್ಗುನ್ ಎಂಬವನ ರಾಕ್ ತಂಡ ಮಾಡಿದ "ಬೆಟ್ಟಗಾಳಿ". ಡ್ರಮ್ಮು, ಗಿಟಾರು, ಕರೆಂಟು ಕೊಟ್ಟ ಸಾಜ್ ತಂತಿವಾದ್ಯ, ಎಲ್ಲ ಎಲ್ಲರಲ್ಲೂ ಇದ್ದದ್ದೇ. ಆದರೆ ಹಾಡಿನ ನಡುವೆ ಅವೆಲ್ಲ ತಟ್ಟನೆ ನಿಲ್ಲುತ್ತವೆ. ಆಗ ನೆಲದಡಿಯಿಂದ ಎದ್ದಂತೆ ಒಂದು ಗುಂಯ್‌ಗಾಟ ಬರುತ್ತದೆ. ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ನಡುಗುತ್ತದೆ. ಅದರ ಮೇಲೆ ಒಂದು ಟಿಕ್. ಇನ್ನೊಂದು ಟಿಕ್. ಅದು ಯಾವ ವಾದ್ಯ ಎಂದು ಉನ್‌ಕಪಾನಿಯ ಸಂಗೀತಗಾರರು ಚಹಾ ಕುಡಿಯುತ್ತ ಜಗಳ ಆಡುತ್ತಿದ್ದರು. ರಿಫತ್ ಮನೆಗೆ ಬಂದು ಅವರ ದನಿಯಲ್ಲೇ ಮೆಲಿಹಾಳಿಗೆ ಆಡಿ ತೋರಿಸುತ್ತಿದ್ದ.

"ಅದು ಗರಗಸ ಕಣೋ. ಕಮಾನು ಹಾಕಿ ಉಜ್ಜಿದಾನೆ."

"ಗರಗಸಕ್ಕೆ ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬರ್ಬೇಕು? ಕ್ಷೌರದಂಗಡಿ ಫ್ಯಾನ್ ಮುಂದೆ ಕ್ಲಾರಿನೆಟ್ ಊದ್ಸಿದಾನೆ."

"ನಿಮ್ಮ ತಲೆ. ಡಬ್ಬಿಗೆ ಜೇನುಹುಳ ತುಂಬಿ ಒಳಗೆ ಮೈಕ್ ಇಳಿಸಿದಾನೆ. ರಿಫತ್ ಮುಖ ನೋಡಿ, ಕಚ್ಚಿಸ್ಕೊಂಡ ಹಾಗೇ ಇದೆ."

ಒಂದು ತಂಡದವರು ನಿಜಕ್ಕೂ ಜೇನು ತಂದರು. ಡಬ್ಬಿ ಕೈಜಾರಿತು. ಸ್ಟುಡಿಯೋ ಎರಡು ದಿನ ಬಾಗಿಲು ಹಾಕಿತ್ತು. ಕೇಳಿದವರಿಗೆಲ್ಲ ರಿಫತ್ ಹೇಳುತ್ತಿದ್ದದ್ದು ಒಂದೇ. "ಯಂತ್ರ. ಜರ್ಮನಿಯದು. ನಾನು ಸ್ವಲ್ಪ ತಿದ್ದಿದೆ." ತೋರಿಸು ಎಂದರೆ "ಸುಟ್ಟುಹೋಯ್ತು" ಎನ್ನುತ್ತಿದ್ದ. ರೆಕಾರ್ಡಿನ ಹೊದಿಕೆಯ ಮೇಲೂ ಹಾಗೇ ಅಚ್ಚಾಯಿತು: ವಿಶೇಷ ಯಂತ್ರ, ರಿಫತ್.

ಯಂತ್ರ ಇರಲೇ ಇಲ್ಲ. ಇದ್ದದ್ದು ಹಾಯ್ರಿಯೆಯ ತಾಮ್ರದ ಹರಿವಾಣ.

ಇಸ್ತಾಂಬುಲಿನ ಬಾಯ್ರಂಪಾಷಾದ ಅವರ ಬೀದಿಯಲ್ಲಿ ಇರುವವರೆಲ್ಲ ಗಡಿಯಾಚೆಯ ಪ್ರಿಜ್ರೆನ್ ಊರಿನಿಂದ ಗಂಟುಮೂಟೆ ಕಟ್ಟಿ ಬಂದವರು. ಅಲ್ಲಿಂದ ತಂದ ಸಾಮಾನಿನಲ್ಲಿ ಹರಿವಾಣಗಳೂ ಇದ್ದವು. ಮದುವೆಗೆ ಮುಂಚೆ ಮದರಂಗಿಯ ದಿನ ಹೆಂಗಸರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಊಟದ ಗಿಡ್ಡ ಮೇಜಿನ ಮೇಲೆ ಕಲಾಯಿ ಹಾಕಿದ ದೊಡ್ಡ ಹರಿವಾಣವನ್ನು ಅಂಚಿನ ಮೇಲೆ ನಿಲ್ಲಿಸಿ ಎರಡೂ ಕೈಯಿಂದ ತಿರುಗಿಸುತ್ತಾರೆ. ತಿರುಗಿಸುತ್ತಾ ಅದರ ಮೈಗೆ ಬಾಯಿಟ್ಟು ಹಾಡುತ್ತಾರೆ. ದನಿ ತಾಮ್ರಕ್ಕೆ ಬಡಿದು ನಡುಗಿ ಬರುತ್ತದೆ. ಮೇಜು ಗುಂಯ್‌ಗುಡುತ್ತದೆ. ಅದನ್ನು ಗಂಡಸರು ಕೇಳಕೂಡದು. ಹಾಡುಗಳೂ ಹಾಗೇ ಇರುತ್ತವೆ. ಅತ್ತೆಯನ್ನು ಬೈಯುವುದು, ಗಂಡನನ್ನು ಆಡಿಕೊಳ್ಳುವುದು, ತವರಿನ ನೆನಪಾಗಿ ಅಳುವುದು.

ಹರಿವಾಣ ತಿರುಗಿಸುವುದರಲ್ಲಿ ಹಾಯ್ರಿಯೆಯನ್ನು ಮೀರಿಸುವವರು ಇರಲಿಲ್ಲ. ಕಿವಿಯಲ್ಲೂ ಅಷ್ಟೇ. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ತಾಮ್ರದಂಗಡಿಗೆ ಹಾಯ್ರಿಯೆ ಹೋಗಬೇಕು. ಸಾಲಾಗಿ ನಿಲ್ಲಿಸಿದ ಹರಿವಾಣಗಳಿಗೆ ಬೆರಳ ಗೆಣ್ಣಿನಿಂದ ಬಡಿದು "ಇದು ಹಾಡಲ್ಲ, ಇದು ಸುಳ್ಳು ಹೇಳುತ್ತೆ, ಇದು ತಗೋ" ಎನ್ನುತ್ತಿದ್ದಳು. ಅವಳ ಸ್ವಂತದ್ದರ ಅಂಚಿಗೆ ಮಾತ್ರ ಒಂದು ತೇಪೆ ಇತ್ತು. ಪ್ರಿಜ್ರೆನ್ ಬಿಟ್ಟು ಬರುವಾಗ ರೈಲಿನಲ್ಲಿ ತಗ್ಗಾಗಿ ಒಡೆದದ್ದು. ಪ್ರತಿ ಸುತ್ತಿಗೂ ಆ ತೇಪೆ ಮೇಜಿಗೆ ತಾಗಿ ಟಿಕ್ ಅನ್ನುತ್ತಿತ್ತು. ಚಿಕ್ಕಂದಿನಲ್ಲಿ ಮುರಿದು ಕೂಡಿದ ಎಡಗೈ ಮಣಿಕಟ್ಟು ನಾಲ್ಕನೇ ಸುತ್ತಿಗೆ ಸ್ವಲ್ಪ ಹಿಡಿಯುತ್ತಿತ್ತು. ಅದಕ್ಕೇ ನಾಲ್ಕನೇ ಟಿಕ್ ತಡ.

ಎಪ್ಪತ್ತೈದರಲ್ಲಿ ಮನೆಯ ಕಿರಿಯ ಮಗಳ, ರಿಫತ್‌ನ ತಂಗಿಯ, ಮದರಂಗಿ. ಆ ದಿನ ಬೆಳಗ್ಗೆ ರಿಫತ್ ಪುಟ್ಟ ಟೇಪ್ ಯಂತ್ರವೊಂದನ್ನು ತಂದು ಮೆಲಿಹಾಳ ಕೈಗಿಟ್ಟ.

"ಅಮ್ಮ ಈ ಚಳಿಗಾಲ ದಾಟಲ್ಲ ಅಂತಾರೆ ಡಾಕ್ಟರು. ಅವಳ ದನಿ ನನ್ನ ಹತ್ರ ಇಲ್ಲ ಕಣೇ. ನನ್ನನ್ನ ನೀವು ಒಳಗೆ ಬಿಡಲ್ಲ. ಹಾಸಿಗೆ ಕಪಾಟಿನಲ್ಲಿ ರಜಾಯಿ ನಡುವೆ ಇಟ್ಟುಬಿಡು. ಈ ಗುಂಡಿ ಒತ್ತಿದ್ರೆ ಸಾಕು."

"ಗಂಡಸರು ಕೇಳಬಾರದು."

"ನಾನು ಅವಳ ಮಗ ಕಣೇ. ನಾನೂ ಗಂಡಸಾ?"

ಮೆಲಿಹಾ ನಕ್ಕಳು. ಇಟ್ಟಳು. ಗುಂಡಿ ಒತ್ತಿದಳು. ಮಧ್ಯಾಹ್ನವೆಲ್ಲ ಹಾಯ್ರಿಯೆ ಹರಿವಾಣ ತಿರುಗಿಸಿದಳು, ಹಾಡಿದಳು. ಅತ್ತೆ ಕೆಮ್ಮುತ್ತಲೇ ಸೊಲ್ಲು ಸೇರಿಸಿದಳು. ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ರಿಫತ್ ಟೇಪು ಹಾಕಿ ಕೇಳಿ ಅತ್ತ. ಅಲ್ಲಿಗೆ ನಿಂತಿದ್ದರೆ ಯಾರಿಗೂ ನೋವಿರಲಿಲ್ಲ.

ಎರ್ಗುನ್‌ನ ಹಾಡು ಆ ಹೊತ್ತಿಗೆ ನಡುವೆ ಸಿಕ್ಕಿಕೊಂಡಿತ್ತು. ಏನು ಹಾಕಿದರೂ ಸಪ್ಪೆ. ರಿಫತ್ ಆ ಟೇಪನ್ನು ಅರ್ಧ ವೇಗಕ್ಕೆ ಇಳಿಸಿ ಹಾಡಿನೊಳಗೆ ಕೂರಿಸಿದ. ರೆಕಾರ್ಡು ಅಂಗಡಿಗೆ ಬಂದ ಮೇಲೆ ಹೆಂಡತಿಗೆ ಹೇಳಿದ.

"ನಿಮ್ಮಕ್ಕನ ದನೀನ ಬೀದಿಗೆ ಹಾಕಿದ್ಯಾ?" ಎಂದಳು ಮೆಲಿಹಾ.

"ಅರ್ಧಕ್ಕೆ ಇಳಿಸಿದೀನಿ. ಅದೀಗ ದನೀನೇ ಅಲ್ಲ. ಹುಟ್ಟಿಸಿದ ದೇವರಿಗೂ ಗುರುತು ಸಿಗಲ್ಲ."

ಹಾಯ್ರಿಯೆಗೆ ಗುರುತು ಸಿಕ್ಕಿತು. ಒಂದು ದಿನ ಬೊರೆಕ್‌ಗೆ, ಹರಿವಾಣದಲ್ಲಿ ಬೇಯಿಸುವ ಪದರು ಪದರಿನ ತಿಂಡಿಗೆ, ಹಿಟ್ಟು ಲಟ್ಟಿಸುತ್ತಿದ್ದಳು. ರೇಡಿಯೋದಲ್ಲಿ ಆ ಹಾಡು ಬಂತು. ಆ ಮಂಗಳವಾರ ಬೀದಿಯ ಹೆಂಗಸರೆಲ್ಲ ಪಾಕೀಜೆಯ ಮನೆಯಲ್ಲಿ ಸೇರಿದ್ದರು. ಮಂಗಳವಾರ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ಪದ್ಧತಿ. ಹಾಯ್ರಿಯೆ ತಡವಾಗಿ ಬಂದು, ಕೋಟು ಕೂಡ ಕಳಚದೆ ಹೇಳಿದಳು.

"ರೇಡಿಯೋದಲ್ಲಿ ನನ್ನ ಹರಿವಾಣ ಇದೆ."

ಎಲ್ಲರೂ ಲೋಟ ಕೆಳಗಿಟ್ಟರು.

"ಹರಿವಾಣ ಈಗ ರೇಡಿಯೋದಲ್ಲಿ ಹಾಡೋಕೂ ಹೊರಟಿತಾ?" ಎಂದಳು ಪಾಕೀಜೆ. "ಬೊರೆಕ್ ಬೇಯ್ಸೋದು ಯಾರು ಮತ್ತೆ?"

"ನಗಬೇಡ್ರೇ. ನನ್ನ ತೇಪೆ ಟಿಕ್ ಅಂತಿದೆ. ನಾಲ್ಕನೇದು ತಡ. ನನ್ನ ಕೈ ನನಗೆ ಗೊತ್ತಾಗಲ್ವಾ?" ಹಾಯ್ರಿಯೆ ಮೆಲಿಹಾಳ ಕಡೆ ತಿರುಗಿದಳು. "ನಿನ್ನ ಗಂಡನ ಕೆಲಸ ಅಲ್ವೇನೇ ಆ ಹಾಡು? ನೀನು ಹೇಳು, ಮದುಮಗಳೇ."

ಆ ಮನೆಗಳಲ್ಲಿ ಸೊಸೆಗೆ ನೂರು ವರ್ಷವಾದರೂ ಮದುಮಗಳೇ ಎಂದೇ ಕರೆಯುತ್ತಾರೆ.

ಮೆಲಿಹಾ ಲೆಕ್ಕ ಹಾಕಿದಳು. ನಿಜ ಹೇಳಿದರೆ ರಿಫತ್ ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಅಲ್ಲಿ ಕೂತಿದ್ದ ಎಂಟು ಹೆಂಗಸರಲ್ಲಿ ಆರು ಜನ ಆ ಮದರಂಗಿಯ ದಿನ ಹಾಡಿದ್ದರು. ಕಪಾಟಿನಲ್ಲಿ ಯಂತ್ರ ಇಟ್ಟ ಕೈ ತನ್ನದೇ.

"ಅದು ಯಂತ್ರ ಅಕ್ಕ," ಎಂದಳು. "ನಾನೇ ನೋಡಿದೀನಿ. ಗುಂಡಿಗಳಿವೆ, ದೀಪ ಉರಿಯುತ್ತೆ. ಜರ್ಮನಿಯದು."

ಗಂಡ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ದೀಪ ಅವಳದೇ ಸೇರಿಕೆ.

ಹೆಂಗಸರು ನಕ್ಕರು. ಪಾಕೀಜೆ "ರೇಡಿಯೋ ಹಾಯ್ರಿಯೆ" ಎಂದು ಹೆಸರಿಟ್ಟಳು. ಹೆಸರು ಅಂಟಿಕೊಂಡಿತು. ಹಾಯ್ರಿಯೆ ಅದಾದ ಮೇಲೂ ಎರಡು ಸಲ ವಾದಿಸಿದಳು. ಮೂರನೇ ಸಲ ವಾದಿಸಲಿಲ್ಲ. ಮುಂದಿನ ಮದುವೆಗೆ ತಾಮ್ರದಂಗಡಿಗೆ ಹೋಗುವಾಗ ಅವಳನ್ನು ಯಾರೂ ಕರೆಯಲಿಲ್ಲ. "ಅವಳ ಕಿವಿ ಈಗ ಸರಿಯಿಲ್ಲ" ಎಂದರು. ಆಮೇಲೆ ಕರೆಯುವುದು ನಿಂತೇ ಹೋಯಿತು. ಅವಳೂ ಹರಿವಾಣ ಮುಟ್ಟುವುದು ಬಿಟ್ಟಳು. "ಕೈ ನೋವು" ಎಂದಳು. ಆ ಸುಳ್ಳನ್ನು ಎಲ್ಲರೂ ನಂಬಿದರು.

ಇಪ್ಪತ್ತಮೂರು ವರ್ಷ ಹೀಗೇ ಕಳೆಯಿತು. ರಿಫತ್ ಒಂದು ದಿನ ಮಧ್ಯಾಹ್ನ ಸೂಪು ಕುಡಿಯುತ್ತಿದ್ದವನು ಎದೆ ಹಿಡಿದುಕೊಂಡು ಬಾಗಿದ. ಮತ್ತೆ ಏಳಲಿಲ್ಲ.

ನಲವತ್ತನೇ ದಿನದ ಪ್ರಾರ್ಥನೆ ಮುಗಿದ ವಾರ ತುಲಿನ್ ಬಂದಳು. ಮೂವತ್ತರ ಆಸುಪಾಸು, ಕೂದಲು ಕತ್ತರಿಸಿಕೊಂಡವಳು, ರೇಡಿಯೋದಲ್ಲಿ ಹಳೆಯ ರಾಕ್ ಹಾಡುಗಳ ಕಾರ್ಯಕ್ರಮ ಮಾಡುವವಳು. ಎರ್ಗುನ್‌ನ ಹಾಡುಗಳೆಲ್ಲ ಒಟ್ಟಾಗಿ ಸಿಡಿಯಾಗಿ ಬರುತ್ತಿದ್ದವು. ಜೊತೆಗೆ ಒಂದು ಪುಸ್ತಿಕೆ. ಯಾವ ಹಾಡಿನಲ್ಲಿ ಯಾರು ಏನು ನುಡಿಸಿದರು ಎಂದು ಬರೆಯುವುದು ಅವಳ ಕೆಲಸ. ಎಲ್ಲ ಗೊತ್ತಾಗಿತ್ತು. ಒಂದು ಸದ್ದು ಉಳಿದಿತ್ತು.

"ಹೊದಿಕೆ ಮೇಲೆ ಯಂತ್ರ ಅಂತ ಇದೆ ಚಿಕ್ಕಮ್ಮ," ಎಂದಳು. "ಆದ್ರೆ ಯಂತ್ರಕ್ಕೆ ಕೈ ಸೋಲಲ್ಲ."

"ಹಾಗಂದ್ರೆ?"

"ಈ ಟಿಕ್ ಎಣ್ಸಿ. ಒಂದು, ಎರಡು, ಮೂರು ಸರಿಯಾಗಿ ಬರುತ್ತೆ. ನಾಲ್ಕನೇದು ಒಂಚೂರು ತಡ. ಮತ್ತೆ ಹಾಗೇ. ಯಾರೋ ಏನನ್ನೋ ಕೈಯಲ್ಲಿ ತಿರುಗಿಸ್ತಿದಾರೆ. ಆ ಕೈಯಲ್ಲಿ ಏನೋ ಊನ ಇದೆ. ನಾನು ಸಾಣೆ ಕಲ್ಲು ನೋಡ್ದೆ, ಕುಂಬಾರನ ಚಕ್ರ ನೋಡ್ದೆ, ಸೈಕಲ್ ಗಾಲಿ ನೋಡ್ದೆ. ನಮ್ಮಜ್ಜಿ ಬೀಸೋ ಕಲ್ಲು ತಿರುಗಿಸ್ದೆ. ಅಜ್ಜಿಗೆ ಮೂರು ಸೇರು ಹಿಟ್ಟಾಯ್ತೇ ಹೊರತು ಆ ಸದ್ದು ಬರ್ಲಿಲ್ಲ."

ಮೆಲಿಹಾ ನಗಲಿಲ್ಲ. ಚಹಾ ಬಗ್ಗಿಸಿದಳು.

"ಆಮೇಲೆ ಇದನ್ನ ಎರಡರಷ್ಟು ವೇಗಕ್ಕೆ ಏರಿಸಿದೆ. ಕೇಳಿ."

ತುಲಿನ್ ತಂದಿದ್ದ ಕ್ಯಾಸೆಟ್ ಯಂತ್ರದ ಗುಂಡಿ ಒತ್ತಿದಳು.

ಗುಂಯ್‌ಗಾಟ ಮೇಲೇರಿ ದನಿಯಾಯಿತು. ಹಾಯ್ರಿಯೆಯ ದನಿ. ನಲವತ್ತು ವರ್ಷದ ಹಾಯ್ರಿಯೆ. ಹಿಂದೆ ಅತ್ತೆಯ ಕೆಮ್ಮು. ಯಾರದೋ ಬಳೆ. ಆಮೇಲೆ, ಕಪಾಟಿನ ಹತ್ತಿರದಿಂದ, ಎಲ್ಲದಕ್ಕಿಂತ ಸ್ಪಷ್ಟವಾಗಿ, ಒಬ್ಬ ಎಳೆಯ ಹೆಂಗಸು: "ಇನ್ನೊಂದು ಹಾಡಕ್ಕ, ಇನ್ನೊಂದೇ ಒಂದು."

ಅದು ಮೆಲಿಹಾ. ಟೇಪು ತುಂಬಲಿ ಎಂದು ಅಂದು ಕೇಳಿದ್ದಳು. ಕೇಳಿದ್ದು ಮರೆತೇ ಹೋಗಿತ್ತು. ಇಷ್ಟು ವರ್ಷ ಎಲ್ಲವನ್ನೂ ಗಂಡನ ಮೇಲೆ ಹೊರಿಸಿಕೊಂಡು ಬಂದಿದ್ದಳು. ಅವನು ಕೇಳಿದ, ತಾನು ಇಟ್ಟೆ, ಅಷ್ಟೇ ಎಂದು. ಅಷ್ಟೇ ಆಗಿರಲಿಲ್ಲ. ಅವಳು ಬೇಡಿ ಹಾಡಿಸಿದ್ದಳು.

ತುಲಿನ್ ಅವಳ ಮುಖವನ್ನೇ ನೋಡುತ್ತಿದ್ದಳು. "ನಿಮಗೆ ಗೊತ್ತಲ್ವಾ ಚಿಕ್ಕಮ್ಮ, ಇದು ಏನು ಅಂತ?"

"ಬುಧವಾರ ಬಾ."

"ಗುರುವಾರ ಅಚ್ಚಿಗೆ ಹೋಗುತ್ತೆ. ನೀವು ಹೇಳದೇ ಇದ್ರೆ ಹೊದಿಕೆ ಮೇಲಿದ್ದದ್ದನ್ನೇ ಹಾಕ್ತೀನಿ. ಅವರ ಫೋಟೋ ಕೊಡಿ, ದೊಡ್ಡದಾಗಿ ಹಾಕೋಣ. ಆ ಯಂತ್ರ ಕಂಡುಹಿಡಿದವರು ಅಂತ."

ಅವಳು ಹೋದ ಮೇಲೆ ಮೆಲಿಹಾ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಮೀಸೆ ಬಿಟ್ಟ ರಿಫತ್, ಕಿವಿಗೆ ಹೆಡ್‌ಫೋನು. ಚೆನ್ನಾಗಿ ಬಿದ್ದ ಫೋಟೋ. ಅಚ್ಚಾದರೆ ಎಷ್ಟು ಚೆಂದ. ಬಡವನ ಹೆಸರು ಪುಸ್ತಕದಲ್ಲಿ ಬರುವುದು ದಿನದ ಮಾತಲ್ಲ. ಸುಮ್ಮನಿದ್ದರೆ ಸಾಕು. ಇಪ್ಪತ್ತಮೂರು ವರ್ಷ ಸುಮ್ಮನಿದ್ದವಳಿಗೆ ಇನ್ನು ಐದು ದಿನ ಏನು ಮಹಾ?

ಮಾರನೆಯ ದಿನ ಬೆಳಗ್ಗೆ ಅವಳ ಕಾಲು ಹಾಯ್ರಿಯೆಯ ಮನೆಯ ಕಡೆ ನಡೆಯಿತು.

ಹಾಯ್ರಿಯೆ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದಳು. ಅರವತ್ತಮೂರಾಗಿತ್ತು, ಸೊಂಟ ಬಗ್ಗಿತ್ತು, ಬಾಯಿ ಬಗ್ಗಿರಲಿಲ್ಲ.

"ಬಾರೇ ಮದುಮಗಳೇ. ಅತ್ತತ್ತು ಮುಖ ಬೋಗುಣಿ ಆಗಿದೆ. ಕೂತ್ಕೋ, ಈರುಳ್ಳಿ ಹೆಚ್ಚು. ಅಳೋದಕ್ಕೆ ಒಂದು ನೆಪ ಆದ್ರೂ ಆಗುತ್ತೆ."

ಮೆಲಿಹಾ ಕೂತಳು. ಚಾಕು ತೆಗೆದುಕೊಂಡಳು. ಎರಡು ಈರುಳ್ಳಿ ಹೆಚ್ಚಿದಳು. ಮೂರನೆಯದಕ್ಕೆ ಕೈ ಹಾಕಿ ಹೇಳಿದಳು.

"ಅಕ್ಕ, ಆ ಯಂತ್ರ ಇರ್ಲಿಲ್ಲ."

"ಯಾವ ಯಂತ್ರ?"

"ಬೆಟ್ಟಗಾಳಿದು. ಅದು ನಿನ್ನ ಹರಿವಾಣನೇ. ಮದರಂಗಿ ದಿನ ಕಪಾಟಿನಲ್ಲಿ ಟೇಪ್ ಇಟ್ಟಿದ್ದೆ. ನಾನೇ ಇಟ್ಟಿದ್ದೆ. ಅತ್ತೆ ದನಿ ಬೇಕು ಅಂತ ಅವನು ಕೇಳ್ದ. ಆಮೇಲೆ ಅದನ್ನೇ ಹಾಡಿಗೆ ಹಾಕ್ದ. ನೀನು ಕೇಳಿದಾಗ ನಾನು ಸುಳ್ಳು ಹೇಳ್ದೆ."

ಹಾಯ್ರಿಯೆ ಸಿಪ್ಪೆ ಸುಲಿಯುವುದು ನಿಲ್ಲಿಸಲಿಲ್ಲ. ಒಂದು ಈರುಳ್ಳಿ ಪೂರ್ತಿ ಸುಲಿದಳು. ಬಟ್ಟಲಿಗೆ ಹಾಕಿದಳು.

"ಟಿಕ್ ಇತ್ತಾ ಅದ್ರಲ್ಲಿ?"

"ಇತ್ತು."

"ನಾಲ್ಕನೇದು?"

"ತಡ."

ಹಾಯ್ರಿಯೆ ಕೈ ತೊಳೆದುಕೊಂಡು ಬಂದು ಎದುರು ಕೂತಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಮೆಲಿಹಾಳಿಗೆ ಸುಲಭವಾಗುತ್ತಿತ್ತು.

"ನಾನು ಕಿವಿ ಡಾಕ್ಟರ ಹತ್ರ ಹೋದೆ. ನೆನಪಿದೆಯಾ? ಅವರು ದೀಪ ಹಾಕಿ ನೋಡಿ ಏನೂ ಇಲ್ಲ ಅಂದ್ರು. ಆಮೇಲೆ ಕೇಳಿದ್ರು, 'ಇನ್ನೇನೇನು ಸದ್ದು ಕೇಳ್ಸುತ್ತಮ್ಮ ನಿನಗೆ?' ಅಂತ. ಹುಚ್ಚೀನ ಕೇಳೋ ಹಾಗೆ. ನನ್ನ ಪಕ್ಕದಲ್ಲಿ ಕೂತಿದ್ದೆ ನೀನು. ನನ್ನ ಕೈಚೀಲ ಹಿಡ್ಕೊಂಡಿದ್ದೆ."

"ಹೂಂ ಅಕ್ಕ."

"ಬರ್ತಾ ದಾರಿಯಲ್ಲಿ 'ಹೋಗ್ಲಿ ಬಿಡಕ್ಕ' ಅಂದೆ."

"ಅಂದೆ."

"ರಾತ್ರಿ ಗಂಡ ಬಾಗಿಲು ತಟ್ಟಿದ್ರೂ ನಿಜವಾಗಿ ತಟ್ಟಿದ್ನಾ ಅಂತ ಯೋಚಿಸ್ತಿದ್ದೆ ನಾನು. ಮಗು ಅತ್ರೂ. ನಿಜವಾಗಿ ಅಳ್ತಿದ್ಯಾ, ನನಗೆ ಮಾತ್ರ ಕೇಳ್ತಿದ್ಯಾ ಅಂತ."

ಮೆಲಿಹಾ ಚಾಕು ಕೆಳಗಿಟ್ಟು, ಬಂದ ಕೆಲಸ ಕೇಳಿದಳು.

"ಅಕ್ಕ, ಮಸೀದಿ ಅಂಗಳದಲ್ಲಿ ಅವನ ಮೇಲಿನ ಹಕ್ಕು ಬಿಟ್ಟೆ ಅಂದೆ. ನಿನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಈಗಲೂ ಬಿಡ್ತೀಯಾ?"

"ನನ್ನನ್ನ ಎಲ್ಲಿ ಸುಳ್ಳಿ ಮಾಡಿದೆ ನೀನು?"

"ಪಾಕೀಜೆ ಮನೇಲಿ."

"ಈ ಮಂಗಳವಾರ ಯಾರ ಮನೆ?"

ಮೆಲಿಹಾ ತಲೆ ತಗ್ಗಿಸಿದಳು. "ಪಾಕೀಜೇದೇ."

"ಹಾಗಾದ್ರೆ ಮೊದ್ಲು ಅಲ್ಲಿ ಹೇಳು. ಆಮೇಲೆ ನನ್ನನ್ನ ಕೇಳು."

"ಅವನು ಸತ್ತು ಎರಡು ತಿಂಗಳೂ ಆಗಿಲ್ಲ ಅಕ್ಕ. ಎಲ್ಲರೂ ಅವನನ್ನ ಬೈತಾರೆ."

"ಪ್ರಿಜ್ರೆನ್‌ನಿಂದ ಅವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಂದವಳು ನಾನು," ಎಂದಳು ಹಾಯ್ರಿಯೆ. "ಬೈದ್ರೆ ನಿನಗೊಬ್ಬಳಿಗೇ ನೋಯೋದಾ? ಹೋಗು ಈಗ. ಈರುಳ್ಳಿ ಸಾಕು."

ಮಂಗಳವಾರ ಪಾಕೀಜೆಯ ಮನೆಯಲ್ಲಿ ಏಳು ಜನ ಇದ್ದರು. ಸೊಪ್ಪಿನ ಬೊರೆಕ್, ಮೆಣಸಿನಕಾಯಿ ಉಪ್ಪಿನಕಾಯಿ, ಚಹಾ. ಮೆಲಿಹಾ ತಟ್ಟೆ ಮುಟ್ಟಲಿಲ್ಲ. ಹಾಯ್ರಿಯೆ ಕಿಟಕಿಯ ಬದಿ ಕೂತು ಹೊರಗೆ ನೋಡುತ್ತಿದ್ದಳು. ನೆರವಿಗೆ ಬರುವವಳಲ್ಲ.

ಮೆಲಿಹಾ ನಿಂತುಕೊಂಡು ಹೇಳಿದಳು. ಕೂತು ಹೇಳಲು ಆಗಲಿಲ್ಲ. ಕಪಾಟು, ರಜಾಯಿ, ಗುಂಡಿ, ಹಾಡು, ಸುಳ್ಳು. "ದೀಪ ಉರಿಯುತ್ತೆ ಅಂದಿದ್ದೆ ನಾನು. ದೀಪಾನೂ ಇರ್ಲಿಲ್ಲ, ಯಂತ್ರಾನೂ ಇರ್ಲಿಲ್ಲ. ಹಾಯ್ರಿಯೆ ಅಕ್ಕ ಕೇಳಿದ್ದು ಸರಿ. ನಾನು ಅವಳ ಕಿವಿ ಕಿತ್ತೆ. ನೀವೆಲ್ಲ ನಕ್ಕಿದ್ದು ನನ್ನ ಮಾತು ನಂಬಿ."

ಮೊದಲು ಬಾಯಿ ಬಿಟ್ಟವಳು ಇಫಾಕತ್. ಅವಳ ಗಂಡ ಬೀದಿಯ ತುದಿಯಲ್ಲಿ ಚಹಾದಂಗಡಿ ಇಟ್ಟಿದ್ದ. ಆ ಹಾಡು ಅಲ್ಲಿ ತೇಯುವಷ್ಟು ಓಡಿತ್ತು.

"ಅಂದ್ರೆ ನನ್ನ ಗಂಡನ ಅಂಗಡೀಲಿ, ಅಷ್ಟು ಜನ ಗಂಡಸರ ಮುಂದೆ, ನಾನೇ ಹಾಡ್ತಿದ್ನಾ?"

"ನೀನು ಒಬ್ಬಳೇ ಅಲ್ಲ, ನಾನೂ," ಎಂದಳು ಇನ್ನೊಬ್ಬಳು. ಅವಳಿಗೆ ನಗು ಬಂದುಬಿಟ್ಟಿತು. "ಅತ್ತೆ ಬೈಯೋ ಹಾಡು ಕಣೇ ಅದು! ನಮ್ಮತ್ತೆ ಮಗ ಅದನ್ನ ಕೇಳ್ತಾ ಚಹಾ ಕುಡಿದಿದಾನೆ!"

"ನಗೋ ವಿಷಯನಾ ಇದು?" ಇಫಾಕತ್ ಎದ್ದು ನಿಂತಳು. ಕೋಟು ಹಾಕಿಕೊಂಡಳು. ಗುಂಡಿ ತಪ್ಪಾಗಿ ಹಾಕಿಕೊಂಡಳು. "ಮೆಲಿಹಾ, ನನ್ನ ಮಗಳ ಮದರಂಗಿಗೂ ನೀನು ಬಂದಿದ್ದೆ. ಅವತ್ತು ಎಲ್ಲಿಟ್ಟಿದ್ದೆ ನಿನ್ನ ಟೇಪು?"

"ಇಲ್ಲ ಇಫಾಕತ್. ಆ ಒಂದೇ ಸಲ. ಆಣೆ ಮಾಡ್ತೀನಿ."

"ನಿನ್ನ ಆಣೆ ಯಾರಿಗೆ ಬೇಕು?"

ಬಾಗಿಲು ಹಾಕಿಕೊಂಡು ಹೋದಳು. ಮೆಲಿಹಾ ನಿಂತಲ್ಲೇ ನಿಂತಿದ್ದಳು. ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ವರ್ಷಗಳು ಕಳೆದಂತೆ, ಮೋಸ ಹೋದವಳು ಹಾಯ್ರಿಯೆ ಒಬ್ಬಳೇ ಎಂದುಕೊಂಡುಬಿಟ್ಟಿದ್ದಳು.

ಪಾಕೀಜೆ ನಿಧಾನವಾಗಿ ಕಿಟಕಿಯ ಕಡೆ ತಿರುಗಿದಳು. "ಹಾಯ್ರಿಯೆ, ಆ ಹೆಸರು ಇಟ್ಟವಳು ನಾನು."

"ಗೊತ್ತು."

"ತಪ್ಪಾಯ್ತು."

"ನಿನ್ನ ಬೊರೆಕ್ ಕೂಡ ತಪ್ಪಾಗಿದೆ. ತಳ ಹಸಿ," ಎಂದಳು ಹಾಯ್ರಿಯೆ. ಆದರೆ ತಿಂದಳು.

ಮನೆಗೆ ಹೋಗುವ ದಾರಿಯಲ್ಲಿ ಇಬ್ಬರೇ ಇದ್ದರು. ಮೆಲಿಹಾ ಕೈಚೀಲ ಹಿಡಿಯಲು ಹೋದಳು. ಹಾಯ್ರಿಯೆ ಕೊಡಲಿಲ್ಲ.

"ಎರ್ಗುನ್ ಹಾಡುಗಳ ಪುಸ್ತಿಕೆ ಬರೆಯೋ ರೇಡಿಯೋ ಹುಡುಗಿ ನಾಳೆ ಬರ್ತಾಳೆ," ಎಂದಳು ಮೆಲಿಹಾ. "ಏನಂತ ಬರೆಸ್ಲಿ?"

"ಹರಿವಾಣ, ಹಾಯ್ರಿಯೆ ಅಂತ ಬರೆಸು. ಬೇರೆ ಯಾರ ಹೆಸರೂ ಬೇಡ, ಇಫಾಕತ್ ಸತ್ತೇ ಹೋಗ್ತಾಳೆ. ಟೇಪು, ರಿಫತ್ ಅಂತ ಬರೆಸು. ಅದೇ ತಾನೇ ಅವನ ಕೆಲಸ."

"ಫೋಟೋ?"

"ಹಾಕ್ಲಿ. ಮೀಸೆ ಇರೋದು ಕೊಡು."

ಮೆಲಿಹಾ ನಿಂತಳು. "ಅಕ್ಕ, ಈಗ ಕೇಳ್ತೀನಿ."

ಹಾಯ್ರಿಯೆಯೂ ನಿಂತಳು. ಆ ಕಡೆಯಿಂದ ತರಕಾರಿ ಗಾಡಿ ಬಂತು. ಅದು ದಾಟಿ ಹೋದ ಮೇಲೆ ಹೇಳಿದಳು.

"ಅವನಿಗೆ ಬಿಟ್ಟೆ. ಈಗ ಗೊತ್ತಿದ್ದೇ ಬಿಟ್ಟೆ. ಮಣ್ಣಿನ ಕೆಳಗಿರೋನ ಹತ್ರ ನನಗೇನು ಜಗಳ? ಅಮ್ಮನ ದನಿ ಬೇಕಿತ್ತು ಅವನಿಗೆ. ಕಳ್ಳ. ಹೋಗ್ಲಿ."

"ನನಗೆ?"

"ನೀನು ಸತ್ತಿದೀಯಾ?"

"ಇಲ್ಲ."

"ಮತ್ತೆ ಅವಸರ ಏನು? ಕೈಚೀಲ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ದೆ ನೀನು. ಅದು ನನಗಿನ್ನೂ ಇಳಿದಿಲ್ಲ. ಇಳಿದ ದಿನ ಹೇಳ್ತೀನಿ."

ಬುಧವಾರ ತುಲಿನ್ ಬಂದಳು. ಕೇಳಿದಳು. ಬಾಯಿ ತೆರೆದವಳು ಮುಚ್ಚಲಿಲ್ಲ. ಹರಿವಾಣ ನೋಡಬೇಕು ಎಂದಳು. ಹಾಯ್ರಿಯೆ ತೋರಿಸಿದಳು, ತಿರುಗಿಸಿ ತೋರಿಸಲಿಲ್ಲ. ಪುಸ್ತಿಕೆ ಬಂತು. ಉನ್‌ಕಪಾನಿಯ ಮುದುಕರು ಫೋನ್ ಮಾಡಿ "ನಮ್ಮನ್ನ ಜೇನಿನ ಹಿಂದೆ ಓಡಿಸ್ದ ನಿನ್ನ ಗಂಡ" ಎಂದು ಬೈದರು, ಅತ್ತರು. ಇಫಾಕತ್ ಮೆಲಿಹಾ ಎದುರಾದರೆ ಬೀದಿಯ ಆ ಬದಿಗೆ ದಾಟುತ್ತಾಳೆ.

ಮೆಲಿಹಾ ಪ್ರತಿ ಮಂಗಳವಾರ ಹಾಯ್ರಿಯೆಯ ಪಕ್ಕದಲ್ಲಿ ಕೂರುತ್ತಾಳೆ. ಎಲ್ಲರೂ ಕೇಳುವಂತೆ, ದನಿ ತಗ್ಗಿಸದೆ ಕೇಳುತ್ತಾಳೆ. "ಬಿಟ್ಯಾ ಅಕ್ಕ?"

"ಚಹಾ ತಾ," ಅನ್ನುತ್ತಾಳೆ ಹಾಯ್ರಿಯೆ.

ಮೆಲಿಹಾ ಎದ್ದು ತರುತ್ತಾಳೆ.